ಅವಳ ಹೆಸರಿನಲ್ಲೊಂದು ಅಕೌಂಟು

ಶಹಾಪುರದಿಂದ ಸುರಪುರದ ಕಡೆ ಹೋಗುವ ರಸ್ತೆಯಲ್ಲಿ ಆ ಹತ್ತಿ ಮಿಲ್ಲು ಈಗಲೂ ನಡೆಯುತ್ತಿದೆ. ಸ್ಕೂಟಿಯಲ್ಲಿ ಆ ಕಡೆ ಹೋದಾಗಲೆಲ್ಲ ನಾನು ಅದರತ್ತ ತಿರುಗಿ ನೋಡುವುದಿಲ್ಲ. ನೋಡಬಾರದೆಂದು ಹರಕೆ ಹೊತ್ತವಳೇನಲ್ಲ, ಕುತ್ತಿಗೆಯೇ ತಿರುಗುವುದಿಲ್ಲ. ಸುಟ್ಟ ಅರಳೆಯ ವಾಸನೆ ಎಂದೋ ಹೋಯಿತು ಎಂದು ಜನ ಹೇಳುತ್ತಾರೆ. ನನ್ನ ಮೂಗಿನಿಂದ ಹೋಗಿಲ್ಲ.

ನನ್ನದು ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಅಂಗಡಿ. ಹುಟ್ಟಿದ್ದು ಸುರಪುರ, ಕಂಪ್ಯೂಟರ್ ಕಲಿತದ್ದು ಯಾದಗಿರಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಪ್ರಿಂಟರ್ ರಿಪೇರಿಯಿಂದ ಹಿಡಿದು ಮಿಲ್ಲುಗಳಿಗೆ ಸರ್ವರ್ ಕೂಡಿಸಿಕೊಡುವವರೆಗೆ ಎಲ್ಲ ಮಾಡುತ್ತೇನೆ. ನನ್ನ ಬಾಯಿ ಜೋರು ಎಂದು ಗಂಡನೂ ಹೇಳುತ್ತಾನೆ, ಗಿರಾಕಿಗಳೂ ಹೇಳುತ್ತಾರೆ. ವೈರು ಸರಿಯಾಗಿ ಕೂಡಿಸುತ್ತಾಳೆ ಎಂಬ ಕಾರಣಕ್ಕೆ ಕರೆಯುವುದನ್ನು ಮಾತ್ರ ಬಿಟ್ಟಿಲ್ಲ.

ಆ ಮಿಲ್ಲಿಗೆ ಸರ್ವರ್ ಹಾಕಿದವಳು ನಾನೇ. ತೂಕದ ಕಾಟಾ, ಗೋದಾಮು, ಹತ್ತಿಬೀಜ ಬಿಡಿಸುವ ಜಿನ್ನಿಂಗ್ ಶೆಡ್ಡು, ಆಫೀಸು, ಹೀಗೆ ನಾಲ್ಕು ಕಡೆಯ ಕಂಪ್ಯೂಟರುಗಳು ಒಂದೇ ಸರ್ವರಿಗೆ ಬಂದು ಸೇರುತ್ತಿದ್ದವು. ಕೆಲಸ ಮಾಡುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಕೌಂಟು ಮಾಡುತ್ತೇನೆ, ಅವರವರ ಪಾಸ್‌ವರ್ಡ್ ಅವರವರ ಹತ್ತಿರ ಇರಲಿ, ಅವರವರ ಫೈಲು ಅವರವರ ಹೋಂ ಡೈರೆಕ್ಟರಿಯಲ್ಲಿ ಇರಲಿ, ಯಾರು ಏನು ಮಾಡಿದರೆಂದು ನಾಳೆ ತಿಳಿಯುತ್ತದೆ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಮಿಲ್ಲಿನ ಮಾಲೀಕರಾದ ಸಾವ್ಕಾರರು ನಕ್ಕುಬಿಟ್ಟಿದ್ದರು.

"ನೋಡವಾ ತಂಗಿ, ಇಲ್ಲಿ ಎಲ್ಲಾರೂ ಒಂದ ಮನ್ಯಾಗಿನವ್ರು. ಒಂದ ಅಕೌಂಟ್ ಸಾಕು. ಯಾರು ಏನ ಮಾಡಿದ್ರು ಅಂತ ತಿಳಕೊಂಡು ಏನ ಮಾಡೂದದ?"

ಹಾಗಾಗಿ ಇಡೀ ಮಿಲ್ಲಿಗೆ ಒಂದೇ ಅಕೌಂಟು. ಅದರ ಪಾಸ್‌ವರ್ಡನ್ನೂ ಸರ್ವರಿನ ಯಜಮಾನಿಕೆ ಇರುವ ರೂಟ್ ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದು ಆಫೀಸಿನ ಲಕ್ಷ್ಮೀ ಪಟದ ಹಿಂದೆ ಸಿಕ್ಕಿಸಿದ್ದರು. ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚುವವನಿಗೂ ಅದು ಬಾಯಿಪಾಠವಾಗಿತ್ತು. ನಾನು ಬೈದೆ, ಅವರು ಚಹಾ ಕುಡಿಸಿದರು, ವಿಷಯ ಅಲ್ಲಿಗೇ ಮುಗಿಯಿತು.

ಮಿಲ್ಲಿನಲ್ಲಿ ನನಗೆ ಬೇಕಾದವಳೆಂದರೆ ಒಬ್ಬಳೇ, ಹೆಣ್ಣಾಳುಗಳ ಮುಕಾದಮ್. ಹತ್ತಿ ಆರಿಸಲು, ಕಸ ತೆಗೆಯಲು ಬರುವ ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಬಂದು, ಕೆಲಸಕ್ಕೆ ಹಚ್ಚಿ, ಸಂಜೆ ಎಲ್ಲರನ್ನೂ ಲೆಕ್ಕ ಹಿಡಿದು ಕರೆದುಕೊಂಡು ಹೋಗುವವಳು. ಸಗರದವಳು. ಐವತ್ತರ ಆಸುಪಾಸಿನ ವಿಧವೆ. ನನಗಿಂತ ಹಿರಿಯಳಾದರೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದಳು, ನಾನು ಅವಳನ್ನು "ಯಕ್ಕ" ಎನ್ನುತ್ತಿದ್ದೆ. ನಾನು ಹೋದ ದಿನ ತನ್ನ ಬುತ್ತಿಯ ಕಟಕ ರೊಟ್ಟಿ ಮುರಿದು ಅರ್ಧ ನನಗೆ ಕೊಡುವಳು. ಬೇಡವೆಂದರೆ ಸಿಟ್ಟಿಗೇಳುವಳು. ಬಾಯಿ ನನ್ನಷ್ಟೇ ಜೋರು, ಅದಕ್ಕೇ ನಮ್ಮಿಬ್ಬರಿಗೂ ಕೂಡಿಬಂದಿತ್ತು.

ಆ ವರ್ಷದ ಎಳ್ಳಮಾವಾಸ್ಯೆ ಮುಗಿದ ಮೇಲೆ ಅವಳು ಮಿಲ್ಲಿನ ತುಂಬ ಒಂದೇ ಮಾತು ಹೇಳಿಕೊಂಡು ತಿರುಗಿದಳು. ಎಳ್ಳಮಾವಾಸ್ಯೆಯೆಂದರೆ ನಮ್ಮ ಸೀಮೆಯಲ್ಲಿ ಊರೊಳಗೆ ನಾಯಿಯೂ ಉಳಿಯದ ದಿನ. ಸಜ್ಜೆ ರೊಟ್ಟಿ, ಎಲ್ಲ ಕಾಳು ಎಲ್ಲ ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಭೂಮಿತಾಯಿಗೆ ಅಡುಗೆಯ ಚರಗ ಹೊಲದ ತುಂಬ ಚೆಲ್ಲಿ, ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಕೂಗಿ ಕರೆದು ಉಣಿಸುತ್ತಾರೆ. ಅಂದು ಮಿಲ್ಲಿಗೆ ಬೀಗ. ಸರ್ವರನ್ನೂ ಬಂದ್ ಮಾಡಿ ಮೇಲೆ ಬಟ್ಟೆ ಹೊದಿಸಿ, ಅದಕ್ಕೂ ಒಂದು ದಿನ ವಿಶ್ರಾಂತಿ ಎಂದು ಕುಂಕುಮ ಹಚ್ಚಿ ಹೋಗುವುದು ಅಲ್ಲಿಯ ಪದ್ಧತಿ.

ಅವಳಿಗೆ ಸಗರದಲ್ಲಿ ಎರಡೆಕರೆ ತೊಗರಿ ಹೊಲ. ಆ ದಿನ ಸಾವ್ಕಾರರ ಕಾರು ಆ ದಾರಿಯಲ್ಲಿ ಹೊರಟಿತ್ತಂತೆ. ಇವಳು ಪದ್ಧತಿಯಂತೆ ಬದುವಿನ ಮೇಲೆ ನಿಂತು ಕೂಗಿದ್ದಾಳೆ. ಕಾರು ನಿಂತಿದೆ. ಸಾವ್ಕಾರರು ಒಬ್ಬರೇ ಇಳಿದು ಬಂದು, ಬದುವಿನ ಮೇಲೆ ಕೂತು, ಅವಳ ಕೈಯಿಂದ ಬಡಿಸಿಕೊಂಡು ಉಂಡಿದ್ದಾರೆ.

"ಭಜ್ಜಿ ಎರಡು ಸಲ ಹಾಕಿಸ್ಕೊಂಡಾರ ರೀ ಅಕ್ಕಾರ! ಕೈ ನೆಕ್ಕಿ ಉಂಡಾರ!"

ಅವಳ ಸಂಭ್ರಮ ಸುಮ್ಮನೆ ಬಂದದ್ದಲ್ಲ. ಅವಳ ಮನೆಯವರು ಎಂದೋ ಬುದ್ಧನನ್ನು ಹಿಡಿದವರು. ಅದಕ್ಕೂ ಮೊದಲು ಊರು ಅವರನ್ನು ಊರ ಹೊರಗೆ ಇಟ್ಟಿತ್ತು, ಆಮೇಲೂ ಒಳಗೇನೂ ಕರೆದುಕೊಳ್ಳಲಿಲ್ಲ. ಸಾವ್ಕಾರರ ಮನೆತನದಲ್ಲಿ ಆ ಓಣಿಯ ನೀರು ಕೂಡ ಯಾರೂ ಕುಡಿದವರಲ್ಲ. ಅಂಥವರು ಬಂದು ಉಂಡರು. ಕಾಟಾ ನೋಡುವವನಿಗೆ, ಲಾರಿ ಡ್ರೈವರಿಗೆ, ನನಗೆ, ಕಡೆಗೆ ಗೇಟಿನ ವಾಚ್‌ಮನ್‌ಗೂ ಹೇಳಿದಳು. ಆ ಖುಷಿ ನೋಡಿ ನನಗೂ ಸಾವ್ಕಾರರ ಮೇಲೆ ತುಸು ಮರ್ಯಾದೆ ಬಂತು. ಅದು ಬಹಳ ದಿನ ಉಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಗೋದಾಮಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ ಕಂಡವರಿಗೆ ಗೊತ್ತು, ಮೇಲಿನ ಉರಿ ಆರಿದರೂ ಒತ್ತಿ ಕಟ್ಟಿದ ಹತ್ತಿ ಬೇಲಿನ ಹೊಟ್ಟೆಯೊಳಗೆ ಕೆಂಡ ಹಾಗೇ ಇರುತ್ತದೆ. ನೀರು ಹೊಡೆದು ಎಲ್ಲ ಮುಗಿಯಿತೆಂದು ಜನ ಕೂತಿರುವಾಗ ಮತ್ತೊಂದು ಮೂಲೆಯಲ್ಲಿ ಹೊಗೆ ಏಳುತ್ತದೆ. ಬೇಲುಗಳನ್ನು ಹೊರಗೆ ಎಳೆಯಲು ಒಳಗೆ ಹೋದ ವಡಗೇರಾ ಕಡೆಯ ಹಮಾಲನೊಬ್ಬ ಹೊಗೆಯಲ್ಲಿ ಸಿಕ್ಕಿಕೊಂಡ. ಕಲಬುರಗಿಗೆ ಒಯ್ದರು. ಉಳಿಯಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರುಗಳು ಖಾಲಿ ಇದ್ದವೆಂದು ಅವನ ಜೊತೆಯವರು ಬಸ್ ನಿಲ್ದಾಣದಲ್ಲಿ ಬಾಯಿ ಬಡಿದುಕೊಂಡದ್ದನ್ನು ನಾನೇ ಕೇಳಿದ್ದೇನೆ.

ಸತ್ತವನ ಮಣ್ಣು ಮುಗಿದ ಮರುದಿನವೇ ಮಿಲ್ಲಿನ ಮ್ಯಾನೇಜರ ಫೋನು ಬಂತು. ಅವರು ಯಾದಗಿರಿಯಿಂದ ದಿನಾ ಬಂದು ಹೋಗುವವರು. ತೆಳ್ಳಗಿನ ದನಿ, ಎಂದೂ ಏರುವುದಿಲ್ಲ.

"ಮೇಡಮ್ಮಾರ, ನೀವು ಮೊದಲ ಹೇಳಿದ್ದು ಖರೇ ಇತ್ತು ನೋಡ್ರಿ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಅಕೌಂಟ್ ಮಾಡಿಕೊಡ್ರಿ. ಇವತ್ತ ಬರ್ರಿ."

ಬುದ್ಧಿ ಬಂತಲ್ಲ ಎಂದುಕೊಂಡು ಹೋದೆ. ಮಿಲ್ಲು ನಿಂತಿತ್ತು. ಜಿನ್ನಿನ ಸದ್ದಿಲ್ಲದ ಆ ಅಂಗಳವನ್ನು ನಾನು ಹಂಗಾಮಿನಲ್ಲಿ ಎಂದೂ ಕಂಡಿರಲಿಲ್ಲ. ಕರಿ ಹಿಡಿದ ಗೋದಾಮಿನ ಗೋಡೆಯಿಂದ ಒಂದೆಳೆ ಹೊಗೆ ಇನ್ನೂ ಮೇಲೇಳುತ್ತಿತ್ತು. ಅದನ್ನು ನೋಡಿಯೂ ಯಾರೂ ನೋಡುತ್ತಿರಲಿಲ್ಲ.

ಸರ್ವರ್ ಕೋಣೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಅಕೌಂಟು ಮಾಡಿದೆ. ಕಾಟಾ ನೋಡುವವನು ಬಂದು ತನ್ನ ಮಗಳ ಹೆಸರನ್ನು ಪಾಸ್‌ವರ್ಡ್ ಮಾಡಿಕೊಂಡ. ಹೋಂ ಡೈರೆಕ್ಟರಿ ಎಂದರೇನೆಂದು ಕೇಳಿದ. ಈ ಪೆಟ್ಟಿಗೆಯೊಳಗೆ ನಿನಗೊಂದು ಖೋಲಿ, ಬಾಗಿಲಿಗೆ ನಿನ್ನ ಹೆಸರು, ಕೀಲಿ ನಿನ್ನ ಹತ್ತಿರ, ಒಳಗೆ ಏನಿದ್ದರೂ ಅದು ನಿನ್ನದು ಎಂದೆ. ಬಾಡಿಗೆ ಇಲ್ಲದ ಖೋಲಿ ಎಂದು ನಗುತ್ತ ಹೋದ. ಅವನು ನಕ್ಕದ್ದು ಆ ದಿನದ ಕೊನೆಯ ನಗು.

ಆಮೇಲೆ ಮ್ಯಾನೇಜರು ಮುಕಾದಮಳ ಹೆಸರು ಹೇಳಿದರು.

"ಆಕಿಗ್ಯಾಕ್ರಿ? ಆಕಿ ಕಂಪ್ಯೂಟರ್ ಮುಟ್ಟೂದಿಲ್ಲ. ಓದಾಕ ಬರೂದಿಲ್ಲ" ಎಂದೆ.

"ಇರ್ಲಿ, ಮಾಡ್ರಿ. ಹೆಸರಿನ ಮುಂದ ಹುದ್ದೆ ಹಾಕ್ರಿ. ಗೋದಾಮು ಸುರಕ್ಷತಾ ಮೇಲ್ವಿಚಾರಕಿ."

ನನ್ನ ಬೆರಳು ಕೀಲಿಮಣೆಯ ಮೇಲೆಯೇ ನಿಂತವು. ಅಷ್ಟರಲ್ಲಿ ಅವಳನ್ನೂ ಕರೆಸಿದ್ದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು ಒಳಗೆ ಬಂದು ನಿಂತಳು. "ನನಗೂ ಖೋಲಿ ಕೊಡಾಕತ್ತೀರೇನ್ರಿ ಅಕ್ಕಾರ?" ಎಂದಳು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಪಾಸ್‌ವರ್ಡ್ ಏನಿಡಲಿ ಎಂದು ಅವಳನ್ನು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರು, "ಅದನ್ನ ನಾ ಹಾಕ್ತೀನಿ. ನೀ ಹೋಗವಾ" ಎಂದರು.

ಅವಳು ಹೋದಳು. ಅಕೌಂಟು ಮಾಡಿದೆ. ಹಾಗೆ ನೋಡಿದರೆ ಅದು ಅರ್ಧ ನಿಮಿಷದ ಕೆಲಸ. ಎಷ್ಟೋ ಕಡೆ, ಎಷ್ಟೋ ಜನರಿಗೆ ಮಾಡಿದ ಕೆಲಸ. ಆದರೆ ಅವಳ ಹೆಸರಿನ ಆ ಖೋಲಿ ಖಾಲಿ ನಿಂತದ್ದನ್ನು ಪರದೆಯ ಮೇಲೆ ಮತ್ತೊಮ್ಮೆ ನೋಡಿದೆ. ಓದು ಬರದ ಹೆಂಗಸಿಗೆ, ಕೀಲಿಯನ್ನೂ ಕೊಡದೆ, ಯಾಕೆ ಖೋಲಿ?

ಮ್ಯಾನೇಜರು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಸರ್ವರ್‌ದಾಗಿನ ತಾರೀಖು ಹಿಂದಕ್ಕ ತಿರುಗಿಸಾಕ ಬರ್ತದೇನ್ರಿ? ದೀಪಾವಳಿ ಮುಂದಿಂದು ಆಗೂಹಂಗ?"

"ಬರ್ತದ್ರಿ. ನನಗ ಬರೂದಿಲ್ಲ."

ಅವರು ತಲೆಯಾಡಿಸಿದರು. ಬೆಂಕಿ ಬಿದ್ದ ಮೇಲೆ ವಿಚಾರಣೆಗೆ ಬರುವವರು ಕೇಳುವ ಮೊದಲ ಪ್ರಶ್ನೆ ಏನೆಂದು ನನಗೂ ಗೊತ್ತಿತ್ತು. ದಿನಾ ಸಂಜೆ ಗೋದಾಮು ಪರೀಕ್ಷೆ ಮಾಡಿ ಸಿಲಿಂಡರು ನೋಡಬೇಕಾಗಿದ್ದವರು ಯಾರು? ಯಾರೂ ಇರಲಿಲ್ಲ, ಯಾರನ್ನೂ ಇಟ್ಟಿರಲಿಲ್ಲ. ಒಬ್ಬ ಸತ್ತಿದ್ದಾನೆ, ಆ ಸಾವನ್ನು ಈಗ ಒಬ್ಬರ ತಲೆಗೆ ಕಟ್ಟಬೇಕು. ಅದಕ್ಕೆ ಮುಕಾದಮಳನ್ನು ಆರಿಸಿದ್ದರು. ಅವಳು ಜೈಲಿಗೆ ಹೋದರೆ ಕೇಳಲು ಬರುವವರು ಯಾರೂ ಇರಲಿಲ್ಲ.

"ಸರ್ವರ್ ಹಾಕಿದವ್ರು ನೀವು ಮೇಡಮ್ಮಾರ. ಏನರ ಹೆಚ್ಚುಕಡಿಮಿ ಆದ್ರ ಮೊದಲ ನಿಮ್ಮನ್ನ ಕೇಳ್ತಾರ. ವಿಚಾರ ಮಾಡ್ರಿ" ಎಂದರು. ದನಿ ಆಗಲೂ ಏರಲಿಲ್ಲ. ನಾನು ಬ್ಯಾಗು ಎತ್ತಿಕೊಂಡು ಹೊರಟೆ.

ಅದಾದ ಮೇಲೆ ಮಧ್ಯಾಹ್ನದ ಹೊತ್ತು ನನ್ನ ಅಂಗಡಿಯ ಎದುರು ಸಾವ್ಕಾರರ ಬಿಳಿ ಕಾರು ಬಂದು ನಿಲ್ಲತೊಡಗಿತು. ಇಂಜಿನ್ ಆರುತ್ತಿರಲಿಲ್ಲ, ಗಾಜು ಇಳಿಯುತ್ತಿರಲಿಲ್ಲ, ಯಾರೂ ಕೆಳಗೆ ಬರುತ್ತಿರಲಿಲ್ಲ. ಕರಿ ಗಾಜಿನ ಹಿಂದೆ ಯಾರಿದ್ದಾರೆಂದೂ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿತ್ತು. ಪಕ್ಕದ ಚಹಾ ಅಂಗಡಿಯವನು "ಯಾರ್ರೀ ಅಕ್ಕಾರ, ನಿಮ್ಮ ಗಿರಾಕಿ?" ಎಂದು ಕೇಳಿದ. ಗಂಡನಿಗೆ ಹೇಳಿದರೆ ಆ ಮಿಲ್ಲಿನ ಕೆಲಸ ಬಿಡು ಎಂದ. ಬಿಡುವುದು ನನ್ನ ಕೈಯಲ್ಲಿ ಎಲ್ಲಿತ್ತು? ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಗಿರಾಕಿ ಜೊತೆ ಮಾತಾಡುವಾಗಲೂ ಕಣ್ಣು ರಸ್ತೆಯ ಕಡೆಗೇ ಹೋಗುತ್ತಿತ್ತು.

ಒಂದು ವಾರದ ಮೇಲೆ, ಪ್ರಿಂಟರ್ ನಡೆಯುತ್ತಿಲ್ಲ ಎಂದು ಮತ್ತೆ ಕರೆ ಬಂತು. ಪ್ರಿಂಟರಿಗೇನೂ ಆಗಿರಲಿಲ್ಲ, ಕೇಬಲ್ ಕಿತ್ತಿತ್ತು. ಮ್ಯಾನೇಜರು ಊಟಕ್ಕೆ ಎದ್ದ ಸಮಯದಲ್ಲಿ ಸರ್ವರಿಗೆ ಹೋಗಿ ಮುಕಾದಮಳ ಹೋಂ ಡೈರೆಕ್ಟರಿ ತೆರೆದೆ.

ಖಾಲಿ ಖೋಲಿ ತುಂಬಿಹೋಗಿತ್ತು. ದೀಪಾವಳಿಯಿಂದ ಬೆಂಕಿ ಬಿದ್ದ ದಿನದವರೆಗೆ ದಿನಕ್ಕೊಂದು ಪರೀಕ್ಷಾ ವರದಿ, ಎಲ್ಲದರ ಮೇಲೂ ಹಳೆಯ ತಾರೀಖು, ಎಲ್ಲದರ ಮಾಲೀಕಳು ಅವಳು. ಲಕ್ಷ್ಮೀ ಪಟದ ಹಿಂದಿನ ಚೀಟಿ ಕೆಲಸಕ್ಕೆ ಬಂದಿತ್ತು. ರೂಟ್ ಪಾಸ್‌ವರ್ಡ್ ಹಾಕಿ, ಗಡಿಯಾರ ತಿರುಗಿಸಿ, ಅವರೇ ಮಾಡಿಕೊಂಡಿದ್ದರು. ಸಿಲಿಂಡರು ತುಂಬಿವೆ, ಗೋದಾಮು ಸುರಕ್ಷಿತ, ಎಂದು ಅವಳ ಹೆಸರಿನಲ್ಲಿ ಬರೆಯಲಾಗಿತ್ತು. ಇದನ್ನು ನೋಡಿದವರು ಏನೆಂದುಕೊಳ್ಳುತ್ತಾರೆ? ಖಾಲಿ ಸಿಲಿಂಡರನ್ನು ತುಂಬಿದೆ ಎಂದು ಸುಳ್ಳು ಬರೆದು ಒಂದು ಜೀವ ತೆಗೆದ ಹೆಂಗಸು ಎಂದು.

ಒಂದೊಂದೇ ತಾರೀಖು ನೋಡುತ್ತ ಹೋದೆ. ಒಂದು ದಿನವೂ ಬಿಟ್ಟಿರಲಿಲ್ಲ. ತಾರೀಖಿನ ಪಟ್ಟಿಯಲ್ಲಿ ಮೊದಲ ತಾರೀಖು ಹಾಕಿ ಕೆಳಗೆ ಎಳೆದುಬಿಟ್ಟಿದ್ದರು, ಉಳಿದದ್ದನ್ನು ಕಂಪ್ಯೂಟರ್ ತಾನೇ ತುಂಬಿಕೊಂಡಿತ್ತು, ಆ ಪಟ್ಟಿ ಹಿಡಿದು ದಿನಕ್ಕೊಂದು ಫೈಲು ಮಾಡಿದ್ದರು. ಕಂಪ್ಯೂಟರಿಗೆ ಹಬ್ಬ ತಿಳಿಯುವುದಿಲ್ಲ. ಎಳ್ಳಮಾವಾಸ್ಯೆಯ ಸಂಜೆಯೂ ಆಕೆ ಗೋದಾಮು ಪರೀಕ್ಷೆ ಮಾಡಿ ವರದಿ ಬರೆದಿದ್ದಳು, ಮಿಲ್ಲಿಗೆ ಬೀಗ ಬಿದ್ದ ದಿನ, ಸರ್ವರಿಗೆ ಬಟ್ಟೆ ಹೊದಿಸಿದ ದಿನ.

ಫೈಲು ಮುಚ್ಚಿದೆ. ಮ್ಯಾನೇಜರು ಬಂದರು, "ಆತೇನ್ರಿ?" ಎಂದರು. "ಆತ್ರಿ, ಕೇಬಲ್ ಕಿತ್ತಿತ್ತು" ಎಂದೆ. ಹೇಳಿದರೆ ಮರುಕ್ಷಣ ಆ ಒಂದು ಫೈಲನ್ನು ಅಳಿಸಿಬಿಡುತ್ತಾರೆ. ನನ್ನ ಈ ಬಾಯಿ ಜೀವನದಲ್ಲಿ ಒಂದು ಸಲವಾದರೂ ಮುಚ್ಚಿಕೊಂಡದ್ದು ಅಂದೇ.

ಮಿಲ್ಲಿನಿಂದ ನೆಟ್ಟಗೆ ಸಗರಕ್ಕೆ ಹೋದೆ. ಮುಕಾದಮಳು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಆರಿದ ಮೇಣದ ಬತ್ತಿ. ನನ್ನನ್ನು ಕಂಡು ಎದ್ದು ಕಂಬಳಿ ಹಾಸಿದಳು. ನಾನು ಕೂರಲಿಲ್ಲ. ನಿಂತೇ ಎಲ್ಲ ಒದರಿದೆ. ನಿನ್ನ ಹೆಸರಿಲೆ ಸುಳ್ಳು ತುಂಬ್ಯಾರ, ಆ ಸಾವನ್ನ ನಿನ್ನ ತಲಿಗೆ ಕಟ್ಟಾಕತ್ತಾರ, ತಿಳೀತೇನು ಎಂದೆ.

ಮೊರ ಆಡಿಸುವುದನ್ನು ಅವಳು ನಿಲ್ಲಿಸಲಿಲ್ಲ.

"ಗೊತ್ತದ್ರಿ ಅಕ್ಕಾರ. ಸಾವ್ಕಾರ್ರ ಕರದು ಹೇಳ್ಯಾರ. ಸಾಹೇಬ್ರು ಕೇಳಿದ್ರ ಹೌದು ಅಂದ್ರ ಸಾಕಂತ. ಮುಂದಿಂದು ತಾವು ನೋಡ್ಕೋತಾರಂತ."

"ಏನ ನೋಡ್ಕೋತಾರ? ಜೈಲಿಗೆ ಬುತ್ತಿ ಕಳಸ್ತಾರ?"

"ಇಲ್ಲಂದ್ರ ನನ್ನ ಕೂಡ ದುಡಿಯೂ ಹೆಣ್ಮಕ್ಕಳನ್ನ ಒಬ್ಬಾಕಿನ್ನೂ ಗೇಟಿನೊಳಗ ಬಿಡೂದಿಲ್ಲ ಅಂದಾರ. ಈ ಮಿಲ್ಲಷ್ಟ ಅಲ್ಲ, ಯಾ ಮಿಲ್ಲಿನ್ಯಾಗೂ. ನಾ ಒಬ್ಬಾಕಿ ಹೋದ್ರ ಹೋಗ್ಲಿ. ಅವ್ರು ಏನ ತಿನ್ಬೇಕು?" ಎಂದಳು. ಆಮೇಲೆ ಮೊರದಲ್ಲಿನ ಕಲ್ಲೊಂದನ್ನು ಆರಿಸಿ ಎಸೆದು, "ಸಾವ್ಕಾರ್ರು ಕೈ ಬಿಡೂದಿಲ್ರಿ. ನನ್ನ ಕೈಯಾಗಿಂದು ಉಂಡಾರ ಅವ್ರು" ಎಂದಳು.

ಅವಳು ನಂಬಿಕೊಂಡು ಕೂತದ್ದು ಆ ಒಂದು ಊಟವನ್ನು. ನನಗೆ ಅಳುವೂ ಬಂತು, ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟೂ ಬಂತು. ನಾನೇ ಹೋಗಿ ಅಧಿಕಾರಿಗೆ ಹೇಳುತ್ತೇನೆ ಎಂದೆ. ಅವಳು ಮೊರ ಕೆಳಗಿಟ್ಟು, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನೀವಾಗಿ ಬಾಯಿ ಬಿಡೂದಿಲ್ಲ ಅಂತ ಮಾತು ಕೊಡ್ರಿ ಎಂದಳು. ಕೈ ಬಿಡಲಿಲ್ಲ. ಕೊಟ್ಟೆ. ಅಮಾವಾಸ್ಯೆಯ ವಿಷಯ ಅವಳಿಗೂ ಹೇಳಲಿಲ್ಲ. ಆ ಭೋಳೆ ಮನಸ್ಸಿನವಳು ಅದನ್ನು ಸಾವ್ಕಾರರ ಕಿವಿಗೆ ಹಾಕಿಬಿಟ್ಟರೆ ಎಂಬ ಹೆದರಿಕೆ ನನಗೆ.

ವಿಚಾರಣೆಯ ದಿನ ನನ್ನನ್ನೂ ಕರೆಸಿದರು, ಸರ್ವರ್ ತೆರೆದು ತೋರಿಸಲು. ಕಾರ್ಖಾನೆ ಇಲಾಖೆಯ ಅಧಿಕಾರಿ ಬೆಂಗಳೂರಿನ ಕಡೆಯಿಂದ ಬಂದವರು, ಮಧ್ಯವಯಸ್ಸು, ಮಾತಿನಲ್ಲಿ ಮೆದು. ಸಾವ್ಕಾರರು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಅವರ ಮನೆತನದ ಹಿರಿಯರಿಬ್ಬರು ಧೈರ್ಯಕ್ಕೆಂದು ಬಂದು ಪಕ್ಕದಲ್ಲಿ ಕೂತಿದ್ದರು. ಮ್ಯಾನೇಜರು ಕಿಟಕಿಯ ಹತ್ತಿರ, ಕಾಟಾ ನೋಡುವವನು ಬಾಗಿಲಲ್ಲಿ. ಮುಕಾದಮಳು ಗೋಡೆಗೆ ಆತು ನಿಂತಿದ್ದಳು, ತಲೆ ತುಂಬ ಸೆರಗು. ಕೂತುಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ.

ನಾನು ಅವಳ ಅಕೌಂಟು ತೆರೆದೆ. ಇದು ಯಾವಾಗಿನದು ಎಂದು ಅಧಿಕಾರಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು, "ಮೊದಲಿಂದ ಅದರಿ ಸರ್" ಎಂದರು. ಕಿಟಕಿಯ ಆಚೆ ಬಿಳಿ ಕಾರು ಕಾಣುತ್ತಿತ್ತು.

"ಅಮ್ಮಾ, ಗೋದಾಮು ದಿನಾ ಪರೀಕ್ಷೆ ಮಾಡ್ತಾ ಇದ್ದದ್ದು ನೀವೇನಾ?"

"ಹೌದ್ರಿ."

"ಸಿಲಿಂಡರ್ ತುಂಬಿದೆ ಅಂತ ಬರೆಸಿದ್ದೂ ನೀವೇನಾ?"

"ಹೌದ್ರಿ."

ಪ್ರತಿ ಹೌದಿಗೂ ಅವಳ ದನಿ ಇಳಿಯುತ್ತಿತ್ತು. ಸಾವ್ಕಾರರು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತ ಕೂತಿದ್ದರು. ಇನ್ನೆರಡು ಹೌದು ಅಂದರೆ ಅವಳ ಕಥೆ ಮುಗಿಯುತ್ತಿತ್ತು.

"ಯಾವುದಾದರೂ ಒಂದು ದಿನದ್ದು ತೆಗೀರಿ ಮೇಡಂ, ನೋಡೋಣ" ಎಂದರು ಅಧಿಕಾರಿ.

ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಬೆರಳಿನ ಬಗ್ಗೆ ಕೊಟ್ಟಿರಲಿಲ್ಲ. ಆ ದಿನದ್ದನ್ನೇ ತೆಗೆದೆ.

ಅಧಿಕಾರಿ ತಾರೀಖು ಓದಿ, ಈ ದಿನ ಸಂಜೆ ನೀವೇ ಹೋಗಿದ್ದಿರಾ ಎಂದು ಅವಳನ್ನು ಕೇಳಿದರು. ಅವಳಿಗೆ ತಾರೀಖು ತಿಳಿಯಲಿಲ್ಲ. ನನ್ನ ಕಡೆ ತಿರುಗಿ, "ಅದು ಯಾವ ದಿನಾ ರೀ ಅಕ್ಕಾರ?" ಎಂದಳು.

ಕೇಳಿದ್ದಕ್ಕೆ ಉತ್ತರ ಕೊಟ್ಟೆ. "ಎಳ್ಳ ಅಮಾಸಿ ದಿನ, ಯಕ್ಕ."

ಬಾಗಿಲಲ್ಲಿದ್ದ ಕಾಟಾದವನು ತಲೆ ಎತ್ತಿದ. ಮ್ಯಾನೇಜರ ಮುಖ ಬಿಳಿಚಿಕೊಂಡಿತು. ಆ ಕೋಣೆಯಲ್ಲಿ ಅಧಿಕಾರಿಯೊಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ಅರ್ಥವಾಗಿತ್ತು. ಅಂದು ಮಿಲ್ಲಿಗೆ ಬೀಗ.

ಅವಳು, ಸಾವ್ಕಾರರು ಈ ಪೇಚಿನಿಂದ ತನ್ನನ್ನು ಬಿಡಿಸುತ್ತಾರೆ ಎನ್ನುವ ಭರವಸೆಯಲ್ಲೇ, ಅವರ ಕಡೆ ನೋಡುತ್ತ ಹೇಳಿದಳು:

"ಅವತ್ತು ನಾ ಹೊಲದಾಗ ಇದ್ದೆ ರೀ ಸಾಹೇಬ್ರ. ಸಾವ್ಕಾರ್ರು ಬಂದಿದ್ರಲ್ಲ, ನಮ್ಮ ಬದುವಿನ ಮ್ಯಾಲ ಕುಂತು ಉಂಡ್ರಲ್ಲ. ಬೇಕಾದ್ರ ಅವ್ರನ್ನ ಕೇಳ್ರಿ."

ಹಿರಿಯರಿಬ್ಬರೂ ಒಟ್ಟಿಗೇ ಸಾವ್ಕಾರರ ಕಡೆ ತಿರುಗಿದರು. ಮೇಜಿನ ಮೇಲೆ ಪೇಪರ್‌ವೇಟ್ ನಿಂತಿತು.

"ನಾನ್ಯಾಕ ಇಕಿ ಹೊಲದಾಗ ಉಣ್ಣಾಕ ಹೋಗ್ಲಿ?" ಎಂದು ಸಾವ್ಕಾರರು ನಕ್ಕರು. ಹಿರಿಯರು ನಗಲಿಲ್ಲ.

"ಭಜ್ಜಿ ಎರಡು ಸಲ ಹಾಕಿಸ್ಕೊಂಡ್ರಿ" ಎಂದಳು ಅವಳು. ಜಗಳದ ದನಿಯಲ್ಲ. ಮರೆತವರಿಗೆ ನೆನಪು ಮಾಡಿಕೊಡುವ ದನಿ.

"ಇಲ್ಲ."

"ಉಂಡಿಲ್ಲೇನ್ರಿ ಸಾವ್ಕಾರ್ರ?"

"ಇಲ್ಲಂದ್ನೆಲ್ಲ! ಏನರ ಮಾತಾಡಬ್ಯಾಡ!"

ಅವಳು ಅವರ ಕೈಗಳನ್ನೇ ನೋಡಿದಳು. ಆಮೇಲೆ ಗೋಡೆ ಬಿಟ್ಟು ಮುಂದೆ ಬಂದಳು. ಸೆರಗು ತಲೆಯಿಂದ ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಹಂಗಾದ್ರ ಬರ್ಕೋರಿ ಸಾಹೇಬ್ರ. ನಾನೂ ಒಂದ ದಿನಾನೂ ಗೋದಾಮು ನೋಡಿಲ್ಲ. ನನಗ ಓದಾಕ ಬರೂದಿಲ್ಲ, ಬರ್ಯಾಕ ಬರೂದಿಲ್ಲ. ಆ ಪೆಟಗ್ಯಾಗ ನನ್ನ ಹೆಸರಿಲೆ ಏನ ಅದನೋ ಅದು ನಂದಲ್ಲ."

ಜೈಲು ಹೊರಲು ಸಿದ್ಧಳಿದ್ದವಳು. ತನ್ನ ಹೆಣ್ಮಕ್ಕಳ ಅನ್ನಕ್ಕಾಗಿ ಸಾವಿನ ಹೊರೆಯನ್ನೂ ಹೊರಲು ಬಂದವಳು. ಉಂಡದ್ದನ್ನು ಇಲ್ಲವೆಂದದ್ದನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.

ಆಗ ನನ್ನ ಮಾತಿನ ಕಟ್ಟೂ ಬಿಚ್ಚಿತು. ಈ ಅಕೌಂಟು ಮಾಡಿದವಳು ನಾನು, ಮಾಡಿದ್ದು ಬೆಂಕಿ ಬಿದ್ದ ಮೇಲೆ, ಪಾಸ್‌ವರ್ಡ್ ಆಕೆಯ ಹತ್ತಿರ ಎಂದೂ ಇರಲಿಲ್ಲ, ಅಮಾವಾಸ್ಯೆಯ ದಿನ ಮಿಲ್ಲಿಗೂ ಸರ್ವರಿಗೂ ರಜೆ ಇತ್ತು ಎಂದು ಎಲ್ಲ ಹೇಳಿದೆ. ಅಧಿಕಾರಿ ಬರೆದುಕೊಂಡರು. ಸರ್ವರನ್ನು ಸೀಲ್ ಮಾಡಿ ಒಯ್ದರು. ನಾವಿಬ್ಬರೂ ಗೇಟಿನಿಂದ ಹೊರಗೆ ಬರುವಾಗ ವಾಚ್‌ಮನ್ ಬೇರೆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ.

ಯಾದಗಿರಿಯಲ್ಲಿ ಮಿಲ್ಲಿನ ಮೇಲಿನ ಪ್ರಕರಣ ನಡೆಯುತ್ತಲೇ ಇದೆ. ಅವಳ ತಂಡದ ಹೆಂಗಸರನ್ನು ಯಾವ ಮಿಲ್ಲಿನವರೂ ಕರೆಯಲಿಲ್ಲ. ಸಾವ್ಕಾರರು ಹೇಳಿದ್ದನ್ನು ಮಾಡಿ ತೋರಿಸಿದರು. ಅವರೆಲ್ಲ ಈಗ ಕೂಲಿಗೆ ರಾಮಸಮುದ್ರದ ಕಡೆ ಹೋಗುತ್ತಾರೆ, ಕತ್ತಲಿರುವಾಗಲೇ ಎದ್ದು. ಅವಳನ್ನು ಬೈದುಕೊಳ್ಳುವವರೂ ಅವರಲ್ಲಿದ್ದಾರೆ.

ಮುಂದಿನ ಎಳ್ಳಮಾವಾಸ್ಯೆಗೆ ನನ್ನನ್ನು ಹೊಲಕ್ಕೆ ಕರೆದಳು. ಗಂಡ ಬೇಡವೆಂದ, ಹೋದೆ. ತೊಗರಿ ಕಾಯಿ ಕಟ್ಟಿತ್ತು. ಅವಳು ಚರಗ ಚೆಲ್ಲಿ ಬಂದು ಬದುವಿನ ಮೇಲೆ ನನಗೆ ಎಲೆ ಹಾಕಿದಳು. ಮೊದಲ ತುತ್ತು ಬಾಯಿಗೆ ಇಡುವಾಗ ರಸ್ತೆಯಲ್ಲಿ ಬಿಳಿ ಕಾರು ಬಂತು. ಹೊಲದ ನೇರಕ್ಕೆ ಬಂದು ನಿಧಾನವಾಯಿತು, ನಿಂತಿತು. ಇಂಜಿನ್ ಆರಲಿಲ್ಲ. ಗಾಜು ಇಳಿಯಲಿಲ್ಲ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಯಕ್ಕ, ಸುಮ್ನ ಕುಂದ್ರು" ಎಂದೆ.

ಅವಳು ಕೂರಲಿಲ್ಲ. ಒಂದು ಎಲೆಗೆ ರೊಟ್ಟಿ, ಭಜ್ಜಿ, ಹೋಳಿಗೆ ಬಡಿಸಿದಳು. ಭಜ್ಜಿ ಎರಡು ಸಲ ಹಾಕಿದಳು. ಅದನ್ನು ಬದುವಿನ ತುದಿಯಲ್ಲಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ರಸ್ತೆಯ ಕಡೆ ಕೂಗಿದಳು:

"ಯಾರ್ರೀ ಅವ್ರು? ಅಮಾಸಿ ಅದ, ಉಂಡು ಹೋಗ್ರಿ!"

ಕಾರಿನ ಬಾಗಿಲು ತೆರೆಯಲಿಲ್ಲ. ಅವಳು ಹಿಂದಿರುಗಿ ನನ್ನ ಪಕ್ಕದಲ್ಲಿ ಕೂತಳು. "ನಾ ಕರದೀನಿ. ನೀವು ನೋಡೀರಿ, ಅಕ್ಕಾರ. ನಾಳಿ ಕೇಳಿದ್ರ ಹೇಳ್ರಿ" ಎಂದಳು. ತನ್ನ ಎಲೆಗೂ ಬಡಿಸಿಕೊಂಡಳು. ಇಬ್ಬರೂ ಉಂಡೆವು. ನಾವು ಉಂಡು ಕೈ ತೊಳೆಯುವವರೆಗೂ ಕಾರು ಅಲ್ಲೇ ನಿಂತಿತ್ತು.